ಎಕ್ಸ್‌ಟೆನ್ಶನ್ ಮೆಥಡ್ ಆ ಕ್ಲಾಸಿಗೆ ಸೇರಿದ್ದಾ?

ಪ್ರಶ್ನೆ: ಸರ್, ಸಿ ಶಾರ್ಪ್ ಕಲೀತಿದೀನಿ. ಎಕ್ಸ್‌ಟೆನ್ಶನ್ ಮೆಥಡ್ಡನ್ನ ಸ್ಟಾಟಿಕ್ ಅಂತ ಬರೀತೀವಿ, ಆದ್ರೆ ಕರೆಯೋದು ಆಬ್ಜೆಕ್ಟ್ ಮುಂದೆ ಡಾಟ್ ಹಾಕಿ. ಹಾಗಾದ್ರೆ ಅದು ಆ ಆಬ್ಜೆಕ್ಟಿನ ಕ್ಲಾಸಿಗೆ ಸೇರಿದ್ದಾ? ಓವರ್‌ರೈಡ್ ಮಾಡಬಹುದಾ?
– ಬಿ.ಇ. ವಿದ್ಯಾರ್ಥಿನಿ, ಹಾಸನ

ಉತ್ತರ: ಸೇರಿದ್ದಲ್ಲ. ಎಕ್ಸ್‌ಟೆನ್ಶನ್ ಮೆಥಡ್ ಅಂದ್ರೆ ಈಗಾಗ್ಲೇ ಇರೋ ಕ್ಲಾಸಿಗೆ ಹೊರಗಿಂದ ಜೋಡಿಸೋ ಮೆಥಡ್. ಅದು ಸಾದಾ ಸ್ಟಾಟಿಕ್ ಮೆಥಡ್ಡೇ, ಕರೆಯೋ ರೀತಿ ಮಾತ್ರ ಬೇರೆ. ಸ್ಟ್ರಿಂಗ್‌ನಲ್ಲಿ ಎಷ್ಟು ಪದ ಇದೆ ಅಂತ ಎಣಿಸೋಕೆ 'ಪದಎಣಿಕೆ' ಅನ್ನೋ ಮೆಥಡ್ ಬರೆದ್ರಿ ಅನ್ಕೊಳ್ಳಿ, ಮೊದಲನೇ ಪ್ಯಾರಾಮೀಟರ್ ಮುಂದೆ 'ದಿಸ್' ಹಾಕಿದ್ರಿ, ಆಮೇಲೆ ಸಾಲು.ಪದಎಣಿಕೆ() ಅಂತ ಬರೆದ್ರೆ ಕಂಪೈಲರ್ ಅದನ್ನ ಪಠ್ಯಸಹಾಯ.ಪದಎಣಿಕೆ(ಸಾಲು) ಅಂತ್ಲೇ ಓದುತ್ತೆ. ಪಠ್ಯಸಹಾಯ ಅಂದ್ರೆ ನೀವು ಬರೆದ ಸ್ಟಾಟಿಕ್ ಕ್ಲಾಸು. ಅಷ್ಟೇ, ಸ್ಟ್ರಿಂಗ್ ಕ್ಲಾಸನ್ನ ಯಾರೂ ಮುಟ್ಟಿಲ್ಲ, ಅದಕ್ಕೇ ಅದರ ಪ್ರೈವೇಟ್ ಫೀಲ್ಡ್ ಯಾವುದೂ ನಿಮ್ಮ ಮೆಥಡ್ಡಿಗೆ ಸಿಗಲ್ಲ.

ಇನ್ನೊಂದು ನೋಡಿ, 'ಸಾಲು' ನಲ್ ಆಗಿದ್ರೂ, ಅಂದ್ರೆ ಅದರಲ್ಲಿ ಯಾವ ಆಬ್ಜೆಕ್ಟೂ ಇಲ್ಲದಿದ್ರೂ, ಆ ಕಾಲ್ ನಡೆಯುತ್ತೆ! ಮಾಮೂಲಿ ಮೆಥಡ್ ಆಗಿದ್ರೆ ಕರೆದ ಜಾಗದಲ್ಲೇ ನಲ್ ರೆಫರೆನ್ಸ್ ಎಕ್ಸೆಪ್ಶನ್ ಬರ್ತಿತ್ತು, ಇಲ್ಲಿ ನಲ್ ಅನ್ನೋದು ಬರೀ ಒಂದು ಆರ್ಗ್ಯುಮೆಂಟ್ ಆಗಿ ಒಳಗೆ ಹೋಗುತ್ತೆ, ಅದನ್ನ ಚೆಕ್ ಮಾಡೋ ಜವಾಬ್ದಾರಿ ನಿಮ್ದು.

ಈಗ ಓವರ್‌ರೈಡ್, ಅಂದ್ರೆ ಬೇಸ್ ಕ್ಲಾಸಿನ ಮೆಥಡ್ಡನ್ನ ಅದರಿಂದ ಬಂದ ಕ್ಲಾಸಲ್ಲಿ ಬೇರೆ ಥರ ಬರೆಯೋದು. ಆಗಲ್ಲ, ಮತ್ತೆ ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಲೇಬೇಕು. 'ಖಾತೆ' ಅನ್ನೋ ಕ್ಲಾಸು, ಅದರಿಂದ ಬಂದ 'ಉಳಿತಾಯಖಾತೆ', ಎರಡಕ್ಕೂ 'ವಿವರ' ಅಂತ ಒಂದೊಂದು ಎಕ್ಸ್‌ಟೆನ್ಶನ್ ಬರೆದಿದೀರಿ. ವೇರಿಯಬಲ್ಲನ್ನ ಖಾತೆ ಅಂತ ಡಿಕ್ಲೇರ್ ಮಾಡಿ ಒಳಗೆ ಉಳಿತಾಯಖಾತೆ ಆಬ್ಜೆಕ್ಟ್ ಇಟ್ರೆ, ವಿವರ() ಕರೆದಾಗ ಓಡೋದು ಖಾತೆಯದ್ದೇ, ಯಾಕಂದ್ರೆ ಯಾವುದನ್ನ ಕರೀಬೇಕು ಅಂತ ಕಂಪೈಲ್ ಟೈಮಲ್ಲೇ ತೀರ್ಮಾನ ಆಗಿರುತ್ತೆ, ಓಡುವಾಗ ಒಳಗೆ ಯಾವ ಆಬ್ಜೆಕ್ಟ್ ಇದೆ ಅಂತ ಯಾರೂ ನೋಡಲ್ಲ. ಟೈಪ್ ನೋಡಿ ನಡವಳಿಕೆ ಬದಲಾಗಬೇಕು ಅಂದ್ರೆ ಬೇಸ್ ಕ್ಲಾಸಲ್ಲೇ ವರ್ಚುವಲ್ ಮೆಥಡ್, ಅಂದ್ರೆ ಓವರ್‌ರೈಡ್ ಮಾಡೋಕೆ ಬಿಡೋ ಮೆಥಡ್ ಬರೀರಿ.

ಮತ್ತೆ ಇದು ಯಾಕೆ ಬಂತು ಅಂದ್ರೆ, 2007ರಲ್ಲಿ ಸಿ ಶಾರ್ಪ್ 3.0 ಜೊತೆ ಲಿಂಕ್ಯೂ (ಡೇಟಾ ಸೋಸಿ ಆರಿಸೋ ಸೌಲಭ್ಯ) ಬಂತಲ್ಲ, ಅದರ ವೇರ್, ಸೆಲೆಕ್ಟ್ ಮೆಥಡ್ ಇವೆಲ್ಲ ಪ್ರತಿ ಲಿಸ್ಟಿಗೂ ಅರೇಗೂ ಸಿಗಬೇಕಿತ್ತು. ಅವನ್ನ ಲಿಸ್ಟು, ಅರೇ ಎಲ್ಲ ಇಂಪ್ಲಿಮೆಂಟ್ ಮಾಡೋ ಐಎನ್ಯೂಮರಬಲ್ ಇಂಟರ್‌ಫೇಸ್ ಒಳಗೇ ತುರುಕಿದ್ರೆ ಅದನ್ನ ಇಂಪ್ಲಿಮೆಂಟ್ ಮಾಡಿದ ಎಲ್ಲರ ಕೋಡೂ ಮುರಿದುಹೋಗ್ತಿತ್ತು, ಅದಕ್ಕೆ ಹೊರಗಿಂದ ಸೇರಿಸೋ ದಾರಿ ಮಾಡಿದ್ರು. ನನ್ನ ಪ್ರಕಾರ ಇದನ್ನ ಬಳಸೋಕೆ ಒಳ್ಳೇ ಜಾಗ ಇವತ್ತಿಗೂ ಇಂಟರ್‌ಫೇಸೇ. ನಿಮ್ಮದೇ ಕ್ಲಾಸಾದ್ರೆ ಮೆಥಡ್ಡನ್ನ ಅದರೊಳಗೇ ಬರೀರಿ.

ಒಂದು ಎಚ್ಚರ. ಕ್ಲಾಸಿನದ್ದೇ ಮೆಥಡ್ ಆ ಕಾಲ್‌ಗೆ ಹೊಂದಿದ್ರೆ ಯಾವಾಗ್ಲೂ ಅದೇ ಗೆಲ್ಲುತ್ತೆ. ಮುಂದೆ ಲೈಬ್ರರಿಯವರು ಅದೇ ಹೆಸರಿನ ಮೆಥಡ್ ಸೇರಿಸಿದ್ರೆ, ಮತ್ತೆ ಕಂಪೈಲ್ ಮಾಡಿದಾಗ ನಿಮ್ಮದು ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತೆ, ಎರರ್ ಕೂಡ ಬರಲ್ಲ. ಎರಡು ಲೈಬ್ರರಿಯ ಒಂದೇ ಥರದ ಎಕ್ಸ್‌ಟೆನ್ಶನ್ ಡಿಕ್ಕಿ ಹೊಡೆದ್ರೆ ಮಾತ್ರ ಕಂಪೈಲರ್ ತಕರಾರು ಮಾಡುತ್ತೆ, ಆಗ ಪಠ್ಯಸಹಾಯ.ಪದಎಣಿಕೆ(ಸಾಲು) ಅಂತ ಕ್ಲಾಸ್ ಹೆಸರು ಹಾಕೇ ಕರೀರಿ.