ಹಳೆಯ ಸೀಲಿಂಗ್ ಲೈಟ್ ಬಿಚ್ಚಿದರೆ ಒಳಗೆ ಆರು ವಯರ್, ಹೊಸ ಲೈಟಿಗೆ ಎರಡೇ ಜಾಗ: ಹೇಗೆ ಜೋಡಿಸೋದು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಹಳೆಯ ಲೈಟಿನ ಮುಚ್ಚಳ ತೆಗೆದಿದ್ದೀರಿ. ಒಳಗೆ ಮೂರು ಕೆಂಪು, ಮೂರು ಕಪ್ಪು ವಯರ್ ಕಾಣಿಸುತ್ತಿವೆ. ಹೊಸ ಎಲ್‌ಇಡಿ ಲೈಟಿನಲ್ಲಿ ಫೇಸ್‌ಗೆ (ಕರೆಂಟ್ ತರುವ ವಯರ್) ಒಂದು ಜಾಗ, ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವಯರ್) ಒಂದು, ಜೊತೆಗೆ ಅರ್ಥ್. ಕೆಂಪು ಎಲ್ಲ ಒಂದು ಕಡೆ, ಕಪ್ಪು ಎಲ್ಲ ಇನ್ನೊಂದು ಕಡೆ ಸೇರಿಸಿದರೆ ಸಾಕಾ ಅಂತ ಕೇಳಿದ್ದೀರಿ.

ಸೇರಿಸಬೇಡಿ. ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ, ನಾನು ಒಮ್ಮೆ ಥೇಟ್ ಅದನ್ನೇ ಮಾಡಿದ್ದೆ.

ಬಣ್ಣಕ್ಕೆ ಬಣ್ಣ ಸೇರಿಸಿ, ಟೇಪ್ ಸುತ್ತಿ, ಏಣಿಯಿಂದ ಇಳಿದು ಮೇನ್ ಹಾಕಿದೆ. ಲೈಟ್ ಉರಿಯಿತು. ಖುಷಿಯೋ ಖುಷಿ. ಅರ್ಧ ನಿಮಿಷ ಆದಮೇಲೆ ಹೊಳೆಯಿತು, ನಾನಿನ್ನೂ ಸ್ವಿಚ್ಚೇ ಹಾಕಿಲ್ಲ! ಸರಿ, ಹಾಕಿ ನೋಡೋಣ ಅಂತ ಒತ್ತಿದೆ. ಠಪ್ ಅಂತ ಶಬ್ದ, ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿತ್ತು, ಕತ್ತಲೆ. ಆಫ್ ಇದ್ದಾಗ ಉರಿಯುವ, ಆನ್ ಮಾಡಿದರೆ ಮನೆಯ ಲೈಟೆಲ್ಲ ಆರಿಸುವ ಸ್ವಿಚ್ ತಯಾರಾಗಿತ್ತು.

ಯಾಕೆ ಹೀಗಾಯಿತು ಅಂತ ಗೊತ್ತಾದರೆ ನಿಮ್ಮ ಆರು ವಯರ್‌ಗಳ ಲೆಕ್ಕವೂ ಬಿಡಿಸಿಕೊಳ್ಳುತ್ತದೆ. ನಿಮ್ಮ ಚಾವಣಿಗೆ ಮೂರು ಜೋಡಿ ಬಂದಿವೆ. ಒಂದು ಜೋಡಿ ಕರೆಂಟ್ ತರುತ್ತದೆ. ಇನ್ನೊಂದು ಅದೇ ಕರೆಂಟನ್ನು ಮುಂದಿನ ಕೋಣೆಯ ಲೈಟಿಗೆ ಒಯ್ಯುತ್ತದೆ. ಮೂರನೆಯದು ಸ್ವಿಚ್ಚಿಗೆ ಇಳಿಯುತ್ತದೆ. ತಮಾಷೆ ಇರೋದು ಈ ಮೂರನೆಯ ಜೋಡಿಯಲ್ಲಿ. ಸ್ವಿಚ್ಚಿಗೆ ನ್ಯೂಟ್ರಲ್ ಹೋಗುವುದೇ ಇಲ್ಲ. ಫೇಸ್ ಕೆಂಪು ವಯರಿನಲ್ಲಿ ಕೆಳಗಿಳಿಯುತ್ತದೆ, ಸ್ವಿಚ್ ಹಾಕಿದಾಗ ಅದೇ ಫೇಸ್ ಕಪ್ಪು ವಯರಿನಲ್ಲಿ ಮೇಲೆ ಬರುತ್ತದೆ. ಅಂದರೆ ಆ ಒಂದು ಕಪ್ಪು ವಯರ್ ಬಣ್ಣಕ್ಕೆ ಮಾತ್ರ ಕಪ್ಪು. ನಾನು ಅದನ್ನು ತೆಗೆದುಕೊಂಡು ಹೋಗಿ ನ್ಯೂಟ್ರಲ್ ಗುಂಪಿಗೆ ಕಟ್ಟಿದ್ದೆ. ಸ್ವಿಚ್ ಒತ್ತಿದ ಕೂಡಲೇ ಫೇಸೂ ನ್ಯೂಟ್ರಲ್ಲೂ ನೇರವಾಗಿ ಕೂಡಿಕೊಂಡವು, ಶಾರ್ಟ್ ಆಯಿತು. ಕೆಲವರು ಈ ಕಪ್ಪು ವಯರಿನ ತುದಿಗೆ ಚೂರು ಕೆಂಪು ಟೇಪ್ ಸುತ್ತಿರುತ್ತಾರೆ. ಅಂಥವರಿಗೆ ಪುಣ್ಯ ಬರಲಿ.

ಹಾಗಾದರೆ ಜೋಡಣೆ ಹೀಗೆ. ಮೂರು ಕೆಂಪು ವಯರ್ ಒಟ್ಟಿಗೆ ಒಂದು ಕನೆಕ್ಟರಿನಲ್ಲಿ (ವಯರ್ ತುದಿಗಳನ್ನು ಸೇರಿಸಿ ಬಿಗಿಯುವ ಚಿಕ್ಕ ಸಾಧನ), ಅದಕ್ಕೆ ಲೈಟಿನ ಯಾವ ವಯರೂ ಬೇಡ. ಕರೆಂಟ್ ತರುವ ಮತ್ತು ಒಯ್ಯುವ ಎರಡು ಕಪ್ಪು ವಯರ್ ಒಟ್ಟಿಗೆ, ಅವುಗಳ ಜೊತೆ ಲೈಟಿನ ನ್ಯೂಟ್ರಲ್. ಸ್ವಿಚ್ಚಿನಿಂದ ಬಂದ ಒಂಟಿ ಕಪ್ಪು ಲೈಟಿನ ಫೇಸ್‌ಗೆ. ಅರ್ಥ್ ವಯರ್ ಇದ್ದರೆ ಎಲ್ಲವೂ ಒಟ್ಟಿಗೆ, ಲೈಟಿನ ಅರ್ಥ್ ಸೇರಿಸಿ.

ನೀವಿನ್ನೂ ಹಳೆಯ ಲೈಟ್ ಕಳಚಿಲ್ಲ ಅಂದರೆ ಕೆಲಸ ಇನ್ನೂ ಸುಲಭ. ಮೊಬೈಲಿನಲ್ಲಿ ಎರಡು ಮೂರು ಕೋನದಿಂದ ಫೋಟೋ ತೆಗೆಯಿರಿ. ಹಳೆಯ ಲೈಟಿನ ಎರಡು ವಯರ್ ಎಲ್ಲೆಲ್ಲಿ ಕೂತಿವೆ ಅನ್ನೋದನ್ನಷ್ಟೇ ಗುರುತು ಮಾಡಿಕೊಳ್ಳಿ. ಹೊಸ ಲೈಟಿನವೂ ಅಲ್ಲೇ ಕೂರಬೇಕು. ಉಳಿದ ಗುಂಪುಗಳನ್ನು ಇದ್ದ ಹಾಗೇ ಬಿಡಿ.

ಈಗಾಗಲೇ ಎಲ್ಲ ಬಿಡಿಸಿ ಹಾಕಿದ್ದರೆ ಮಲ್ಟಿಮೀಟರ್ ಬೇಕು. ಕರೆಂಟ್ ಪೂರ್ತಿ ತೆಗೆದು, ಆರು ತುದಿಗಳೂ ಒಂದಕ್ಕೊಂದು ತಾಗದ ಹಾಗೆ ಇಟ್ಟು, ಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ. ಒಂದೊಂದು ಜೋಡಿಗೆ ಮೀಟರ್ ಹಿಡಿದು, ಮನೆಯವರೊಬ್ಬರಿಗೆ ಸ್ವಿಚ್ ಹಾಕಿ ತೆಗೆಯೋಕೆ ಹೇಳಿ. ಸ್ವಿಚ್ ಹಾಕಿದಾಗ ಬೀಪ್ ಬಂದು ತೆಗೆದಾಗ ನಿಲ್ಲುವ ಜೋಡಿಯೇ ಸ್ವಿಚ್ಚಿನದು. ಇಲ್ಲೂ ಅನುಮಾನ ಉಳಿದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಕೆಲವು ದೇಶಗಳಲ್ಲಿ ಲೈಸೆನ್ಸ್ ಇಲ್ಲದವರು ಈ ಕೆಲಸ ಮಾಡುವಂತೆಯೇ ಇಲ್ಲ, ಅದನ್ನೂ ಮೊದಲೇ ನೋಡಿಕೊಳ್ಳಿ.

ಬಣ್ಣವನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ರಿಟನ್ನಿನಲ್ಲಿ 2006ರಿಂದ ಹೊಸ ವಯರಿಂಗ್‌ಗೆ ಕಂದು ಫೇಸ್, ನೀಲಿ ನ್ಯೂಟ್ರಲ್. ಅದಕ್ಕಿಂತ ಹಳೆಯ ಮನೆಗಳಲ್ಲಿ ಕೆಂಪು, ಕಪ್ಪು. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್! ಇನ್ನು ಪೈಪಿನೊಳಗೆ ಬಿಡಿ ವಯರ್ ಎಳೆದ ಮನೆಗಳಲ್ಲಿ ಸ್ವಿಚ್‌ಬೋರ್ಡಿನಲ್ಲೇ ಫೇಸ್ ಹಂಚಿರುತ್ತಾರೆ, ಚಾವಣಿಗೆ ಬರೋದು ಎರಡೋ ಮೂರೋ ವಯರ್ ಮಾತ್ರ. ಅಂಥ ಮನೆಯವರು ನಿಮಗೆ "ಎರಡು ವಯರ್ ಕಟ್ಟಿದರೆ ಆಯ್ತು" ಅಂತ ಹೇಳಿದ್ದರೆ, ಅವರ ಮನೆಯ ಮಟ್ಟಿಗೆ ಅದು ನಿಜ.

ಕರೆಂಟ್ ತೆಗೆಯುವ ವಿಷಯ. ನಿಮ್ಮ ಥರದ ವಯರಿಂಗ್‌ನಲ್ಲಿ ಗೋಡೆಯ ಸ್ವಿಚ್ ಆರಿಸಿದರೆ ಬಲ್ಬ್ ಮಾತ್ರ ಆರುತ್ತದೆ, ಆ ಮೂರು ಕೆಂಪು ವಯರ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆದ್ದರಿಂದ ಮೇನ್ ತೆಗೆಯಿರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆರಿಸಿ. ಮೇನ್ ಹೋದ ಕ್ಷಣವೇ ಅದು ಲೈಟಿನ ಲೈನಿಗೆ ಕರೆಂಟ್ ಕೊಡಲು ಶುರು ಮಾಡುತ್ತದೆ. ಇದನ್ನು ಮರೆಯುವವರು ಬಹಳ ಜನ.

ಆಮೇಲೂ ಪರೀಕ್ಷೆ ಮಾಡದೆ ಮುಟ್ಟಬೇಡಿ. ಸಣ್ಣ ದೀಪ ಉರಿಯುವ ಸ್ಕ್ರೂಡ್ರೈವರ್ ಟೆಸ್ಟರ್ ಒಂದನ್ನೇ ನಂಬುವುದು ನನಗೆ ಇಷ್ಟವಿಲ್ಲ. ಅದು ಉರಿಯಬೇಕಾದರೆ ನಿಮ್ಮ ಮೈ ಮೂಲಕ ಚೂರು ಕರೆಂಟ್ ನೆಲ ಸೇರಬೇಕು. ಒಣ ಮರದ ಏಣಿ ಮೇಲೆ ನಿಂತರೆ, ಕರೆಂಟ್ ಇದ್ದರೂ ದೀಪ ಕಾಣದಷ್ಟು ಮಂಕಾಗಬಹುದು. ಮೀಟರನ್ನು ಬೀಪ್‌ನಿಂದ ಎಸಿ ವೋಲ್ಟೇಜ್ ಅಳೆಯುವ ಕಡೆಗೆ ತಿರುಗಿಸಿ, ಮೊದಲು ಕರೆಂಟ್ ಇರುವ ಪ್ಲಗ್‌ನಲ್ಲಿ ಹಿಡಿದು ಅದು ಸರಿಯಿದೆ ಅಂತ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಮೇನ್ ತೆಗೆದು ಚಾವಣಿಯ ವಯರ್‌ಗಳಿಗೆ ಹಿಡಿಯಿರಿ.

ಹಳೆಯ ಲೈಟ್ ಇಳಿಸುವಾಗ ವಯರ್ ತುದಿಗಳನ್ನು ಗಮನಿಸಿ. ಹಳೆಯ ಫಿಲಮೆಂಟ್ ಬಲ್ಬಿಗೆ ಹೋದ ಕರೆಂಟಿನಲ್ಲಿ ಶೇಕಡಾ 90ಕ್ಕೂ ಜಾಸ್ತಿ ಬಿಸಿಯಾಗಿಯೇ ಹೋಗುತ್ತದೆ. ವರ್ಷಗಟ್ಟಲೆ ಆ ಬಿಸಿ ತಿಂದು ವಯರಿನ ಮೇಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಪೆಡಸಾಗಿರುತ್ತದೆ. ನಾನು ಬಿಚ್ಚಿದಾಗ ಒಂದು ವಯರ್ ಸ್ವಲ್ಪ ಬಗ್ಗಿಸಿದ್ದಕ್ಕೇ ಸಿಪ್ಪೆ ಚೂರು ಚೂರಾಗಿ ಕೈಗೆ ಉದುರಿತು, ಒಳಗಿನ ತಾಮ್ರ ಬೆರಳುದ್ದ ಬರಿದಾಗಿ ನಿಂತಿತು. ಅಂಥದ್ದರ ಮೇಲೆ ಸುಮ್ನೆ ಟೇಪ್ ಸುತ್ತಿ ಮುಚ್ಚಬೇಡಿ. ಉದ್ದ ಸಾಕಷ್ಟಿದ್ದರೆ ಒಳ್ಳೆಯ ಸಿಪ್ಪೆ ಸಿಗುವವರೆಗೆ ಕತ್ತರಿಸಿ ಹೊಸ ತುದಿ ಮಾಡಿ. ಉದ್ದ ಸಾಲದಿದ್ದರೆ ಬಿಸಿ ತಡೆಯುವ ಸ್ಲೀವ್ ಹಾಕಿ. ಸಿಪ್ಪೆ ಚಾವಣಿಯ ಒಳಗಿನವರೆಗೂ ಹಾಗೇ ಉದುರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಲೈಟ್ ಬದಲಿಸುವ ಕೆಲಸ ಅಲ್ಲ, ವಯರಿಂಗ್ ಬದಲಿಸುವ ಕೆಲಸ.

ಹೊಸ ಲೈಟಿನ ಹೊರಮೈ ಲೋಹದ್ದಾಗಿದ್ದರೆ ಅರ್ಥ್ ಬಿಡುವಂತಿಲ್ಲ. ಚೌಕದೊಳಗೆ ಚೌಕದ ಗುರುತಿದ್ದರೆ ಅದಕ್ಕೆ ಅರ್ಥ್ ಬೇಕಿಲ್ಲ, ಆದರೂ ಬಂದಿರುವ ಅರ್ಥ್ ವಯರನ್ನು ಕತ್ತರಿಸಿ ಎಸೆಯದೆ ಕನೆಕ್ಟರಿನಲ್ಲಿ ಮುಚ್ಚಿಡಿ. ಕೊಳ್ಳುವಾಗ ವ್ಯಾಟ್ ಬದಲು ಲ್ಯೂಮೆನ್ (ಬೆಳಕಿನ ಅಳತೆ) ನೋಡಿ. ಹಳೆಯ 60 ವ್ಯಾಟ್ ಬಲ್ಬಿನ ಬೆಳಕು ಅಂದರೆ ಸುಮಾರು 800 ಲ್ಯೂಮೆನ್, ಎಲ್‌ಇಡಿಯಲ್ಲಿ ಅದು 8-10 ವ್ಯಾಟ್‌ಗೆ ಸಿಗುತ್ತದೆ.

ವಯರ್ ಕನೆಕ್ಟರಿಗೆ ಕೂರಿಸಿದ ಮೇಲೆ ಒಂದೊಂದನ್ನೂ ಮೆಲ್ಲಗೆ ಎಳೆದು ನೋಡಿ. ಕೈಗೆ ಬಂದರೆ ಈಗಲೇ ಬರಲಿ. ಲೈಟಿನ ಭಾರ ಸ್ಕ್ರೂ ಮೇಲೆ ಇರಬೇಕು, ವಯರ್ ಮೇಲಲ್ಲ. ಕನೆಕ್ಟ್ ಮಾಡುವಾಗಲೂ ಒಂದು ಕೈಯಲ್ಲಿ ಲೈಟ್ ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸುವ ಸಾಹಸ ಬೇಡ, ಕೆಳಗೊಬ್ಬರು ಹಿಡಿದುಕೊಳ್ಳಲಿ.

ಎಲ್ಲ ಮುಗಿದ ಮೇಲೆ ಮೇನ್ ಹಾಕಿ, ಸ್ವಿಚ್ ನಾಲ್ಕು ಸಲ ಹಾಕಿ ತೆಗೆಯಿರಿ. ಸ್ವಿಚ್ ತೆಗೆದಾಗಲೂ ಎಲ್‌ಇಡಿ ಮಂಕಾಗಿ ಮಿನುಗುತ್ತಿದ್ದರೆ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಮೇಲೆ ಕೂತಿರಬಹುದು, ಅಥವಾ ಸ್ವಿಚ್ಚಿನಲ್ಲೇ ಸಣ್ಣ ಇಂಡಿಕೇಟರ್ ದೀಪ ಇರಬಹುದು. ಮೊದಲನೆಯದಾದರೆ ಸರಿ ಮಾಡಿಸಲೇಬೇಕು. ಕೊನೆಗೆ ಪಕ್ಕದ ಕೋಣೆಯ ಲೈಟನ್ನೂ ಹಾಕಿ ನೋಡಿ. ಅದು ಉರಿಯದಿದ್ದರೆ ಮುಂದಕ್ಕೆ ಹೋಗುವ ಜೋಡಿಯಲ್ಲಿ ಒಂದು ವಯರ್ ಕಳಚಿಕೊಂಡಿದೆ. ಮೇನ್ ತೆಗೆದು ಮತ್ತೆ ಏಣಿ ಹತ್ತಿ.