ಚಳಿ ದೇಶದ ಬಾಳೆಗಿಡ ಮನೆಯಿಂದ ಹೊರಗೆ ಬರೋದು ಯಾವಾಗ?

ಪ್ರಶ್ನೆ: ನನ್ನ ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದಾಳೆ. ಅಲ್ಲಿ ಎರಡು ಬಾಳೆ ಸಾಕಿದ್ದಾಳೆ. ಒಂದು ‘ಮೂಸಾ ಬಾಸ್ಜೂ’, ಹಿತ್ತಲಿನ ನೆಲದಲ್ಲೇ ಇದೆ, ಚಳಿಗೆ ಒಣಹುಲ್ಲು ಸುತ್ತಿದ್ದಾಳೆ. ಇನ್ನೊಂದು ಕೆಂಪು ಎಲೆಯದ್ದು, ಪಾಟಿನಲ್ಲಿ, ಮನೆಯೊಳಗೆ ಕಿಟಕಿ ಪಕ್ಕ ಇದೆ. ಏಪ್ರಿಲ್‌ನಲ್ಲಿ ಬಿಸಿಲು ಚೆನ್ನಾಗಿದೆ ಅಂತ ಪಾಟನ್ನು ಹೊರಗಿಡಲು ಹೊರಟಿದ್ದಾಳೆ. ಇಡಬಹುದಾ? ಬಾಸ್ಜೂ ಎಲೆಯಲ್ಲಿ ಕೂವಲೆ ಪುಟ್ಟು (ಎಲೆಯಲ್ಲಿ ಸುತ್ತಿ ಬೇಯಿಸುವ ನಮ್ಮ ಕೊಡಗಿನ ತಿಂಡಿ) ಮಾಡಬಹುದಾ?
– ಓದುಗರು, ಸೋಮವಾರಪೇಟೆ

ಉತ್ತರ: ಪಾಟ್ ಹೊರಗಿಡಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ. ಹಗಲಿನ ಬಿಸಿಲು ನೋಡಿ ಬಾಳೆಯನ್ನು ಹೊರಗಿಡಬಾರದು, ರಾತ್ರಿಯ ಚಳಿ ನೋಡಿ ಇಡಬೇಕು. ಎಡಿನ್‌ಬರೋದಲ್ಲಿ ಮೇ ತಿಂಗಳಲ್ಲೂ ರಾತ್ರಿ 6–7 ಡಿಗ್ರಿಗೆ ಇಳಿಯುವುದು ಮಾಮೂಲಿ, ಕೆಲವು ರಾತ್ರಿ ಹಿಮವೂ ಬೀಳಬಹುದು. ನಮ್ಮ ಮಡಿಕೇರಿಯಲ್ಲಿ ಜನವರಿಯ ಚಳಿಗೇ ಬಾಳೆಯ ಸುಳಿ ಬಿಚ್ಚೋದು ಎಷ್ಟು ನಿಧಾನ ಆಗುತ್ತೆ ಅಂತ ನೀವೇ ನೋಡಿದ್ದೀರಿ ಅಲ್ವಾ? ಅಲ್ಲಿಯ ವಸಂತ ಅದಕ್ಕಿಂತ ತಣ್ಣಗೆ.

ಆದರೆ ಎರಡೂ ಗಿಡಕ್ಕೆ ಒಂದೇ ಲೆಕ್ಕ ಇಲ್ಲ. ಬಾಸ್ಜೂವನ್ನು ಜಪಾನಿನ ಬಾಳೆ ಅಂತ ಕರೆದರೂ ಅದರ ಮೂಲ ದಕ್ಷಿಣ ಚೀನಾ. ಎಲೆ ಹಿಮಕ್ಕೆ ಸುಟ್ಟು ಹೋಗುತ್ತೆ, ದಿಂಡೂ ಕೊಳೆಯಬಹುದು. ಆದರೆ ಮೇಲೆ ಹುಲ್ಲು, ತರಗು ದಪ್ಪಗೆ ಹೊದಿಸಿದ್ದರೆ ಮಣ್ಣಿನೊಳಗಿನ ಗೆಡ್ಡೆ ಮೈನಸ್ 10 ಡಿಗ್ರಿ ಚಳಿಯನ್ನೂ ತಡೆದುಕೊಂಡು ಮತ್ತೆ ಚಿಗುರುತ್ತೆ. ಕೆಂಪೆಲೆಯದ್ದು ಹೆಚ್ಚಾಗಿ ಎನ್ಸೆಟೆ ಜಾತಿಯದ್ದೇ ಇರುತ್ತೆ. ಇಥಿಯೋಪಿಯಾ ಕಡೆಯ ಗಿಡ, ಅಲ್ಲಿಯ ಜನ ಹಣ್ಣಿಗಲ್ಲ, ಗೆಡ್ಡೆ ಮತ್ತು ದಿಂಡಿನ ಹಿಟ್ಟಿಗಾಗಿ ಬೆಳೆಯುತ್ತಾರೆ. ಅದಕ್ಕೆ ಹಿಮ ಆಗೋದೇ ಇಲ್ಲ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯದಂತಾದ ಮೇಲೆ, ಅಂದರೆ ಆ ಊರಿನಲ್ಲಿ ಜೂನ್ ಕೊನೆಯ ಹೊತ್ತಿಗೆ, ಪೂರ್ತಿ ಹೊರಗೆ ಬಿಡಲಿ.

ಬಿಡುವಾಗಲೂ ಒಂದೇ ದಿನಕ್ಕೆ ಬಿಸಿಲಿಗೆ ನೂಕಬಾರದು. ಆರು ತಿಂಗಳು ಗಾಜಿನ ಹಿಂದೆ ಬಿಟ್ಟ ಎಲೆ ತೆಳ್ಳಗಿರುತ್ತೆ, ನೇರ ಬಿಸಿಲನ್ನು ಅದು ಕಂಡೇ ಇಲ್ಲ. ಒಂದೇ ಮಧ್ಯಾಹ್ನ ಸಾಕು, ಎಲೆಯ ಮೇಲೆ ಬಿಳಿಚಿದ ಪಟ್ಟೆ ಎದ್ದು ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಆ ಜಾಗ ಮತ್ತೆ ಹಸಿರಾಗಲ್ಲ. ಜೂನ್‌ನಲ್ಲಿ ಅಲ್ಲಿ ಬೆಳಗ್ಗೆ ನಾಲ್ಕೂವರೆಗೆ ಹುಟ್ಟಿದ ಸೂರ್ಯ ರಾತ್ರಿ ಹತ್ತರ ತನಕ ಇರ್ತಾನೆ ಅನ್ನೋದೂ ನೆನಪಿರಲಿ. ಮೊದಲ ನಾಲ್ಕೈದು ದಿನ ಗೋಡೆಯ ಮರೆಯ ನೆರಳಿನಲ್ಲಿ ಹಗಲು ಮಾತ್ರ ಇಟ್ಟು ಸಂಜೆ ಒಳಗೆ ತರಲಿ, ಆಮೇಲೆ ಬೆಳಗಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು, ಹೀಗೆ ದಿನ ದಿನಕ್ಕೆ ಹೆಚ್ಚಿಸುತ್ತಾ ಎರಡು ವಾರದ ಹೊತ್ತಿಗೆ ಪೂರ್ತಿ ಹೊರಗೆ. ಮೋಡ ಕವಿದ ದಿನ ಶುರು ಮಾಡಿದರೆ ಇನ್ನೂ ಒಳ್ಳೇದು. ಗಾಳಿ ಹೊಡೆಯುವ ಮೂಲೆ ಬೇಡ, ಎಲೆ ಚಿಂದಿ ಆಗುತ್ತೆ. ಹೊರಗಿಡುವ ಮೊದಲು ಎಲೆಯ ಅಡಿಭಾಗ ನೋಡಲಿ. ಹೀಟರ್ ಹಾಕಿದ ಮನೆಯ ಒಣ ಗಾಳಿಗೆ ನುಸಿ ಬರೋದು ಜಾಸ್ತಿ, ಸಣ್ಣ ಹಳದಿ ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು.

ನೀರಿನ ವಿಷಯದಲ್ಲಿ ಕೈ ಬಿಗಿ ಹಿಡಿಯಲಿ. ಬಾಳೆ ಅಂದ ಕೂಡಲೇ ನೀರು ಸುರಿಯೋದು ನಮ್ಮ ಅಭ್ಯಾಸ. ಮಣ್ಣು ತಣ್ಣಗಿದ್ದಾಗ ಬೇರು ಹೆಚ್ಚು ನೀರು ಕುಡಿಯಲ್ಲ, ಪಾಟಿನಲ್ಲಿ ನೀರು ನಿಂತು ಗೆಡ್ಡೆ ಕೊಳೆಯುತ್ತೆ. ಬೆರಳಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ಬೆಳಗ್ಗೆ ಹಾಕಲಿ. ಹೊಸ ಎಲೆ ಬರೋಕೆ ಶುರುವಾದ ಮೇಲೆ ಗೊಬ್ಬರ.

ಇನ್ನು ಹೊರಗಿನ ಬಾಸ್ಜೂ. ಗಟ್ಟಿ ಹಿಮ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಒಂದು ಬೆಚ್ಚಗಿನ ದಿನ ನೋಡಿ ಹುಲ್ಲು ಬಿಚ್ಚಲಿ. ಜಾಸ್ತಿ ದಿನ ಹಾಗೇ ಬಿಟ್ಟರೆ ಒಳಗೆ ತೇವ ನಿಂತು ಬೂಷ್ಟು ಬರುತ್ತೆ. ದಿಂಡನ್ನು ಮೇಲಿನಿಂದ ಒತ್ತಿ ನೋಡಲಿ. ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತಾ ಬಿಳಿಯ ಗಟ್ಟಿ ಭಾಗ ಸಿಗುವ ತನಕ ಇಳಿಯಲಿ. ಹೆದರಬೇಕಿಲ್ಲ. ತೋಟದಲ್ಲಿ ಬಾಳೆ ಕಡಿದರೆ ಮರುದಿನ ಬೆಳಗ್ಗೆ ನಡುವಿನ ಸುಳಿ ಸುತ್ತಲಿನ ಪಟ್ಟೆಗಿಂತ ಮೇಲೆ ಬಂದಿರೋದು ನೀವು ಕಂಡಿರುತ್ತೀರಿ. ದಿಂಡು ಅಂದರೆ ಎಲೆಯ ಬುಡಗಳ ಸುರುಳಿ ಅಷ್ಟೇ, ಹೂ ಬರುವ ತನಕ ಬೆಳೆಯುವ ತುದಿ ಕೆಳಗೆ ಗೆಡ್ಡೆಯಲ್ಲೇ ಇರುತ್ತೆ. ದಿಂಡು ಪೂರ್ತಿ ಹೋಗಿದ್ದರೂ ಜೂನ್ ಕಳೆಯುವ ತನಕ ಗೆಡ್ಡೆ ಅಗೆದು ಬಿಸಾಡಬಾರದು, ಪಕ್ಕದಲ್ಲಿ ಕಂದು (ಮರಿಗಿಡ) ಬರಬಹುದು. ಹೊಸ ಸುಳಿ ಬಂದ ಮೇಲೂ ಹೊದಿಕೆ ಬಟ್ಟೆಯೊಂದು ಕೈಗೆ ಸಿಗುವಂತಿರಲಿ, ಹಿಮದ ಸೂಚನೆ ಇದ್ದ ರಾತ್ರಿ ಮುಚ್ಚೋಕೆ.

ಬಾಸ್ಜೂ ಹಣ್ಣು ತಿನ್ನೋಕಲ್ಲ, ಒಳಗೆ ಬೀಜವೇ ಜಾಸ್ತಿ. ಎಲೆ ಬಳಸಬಹುದು. ಗಿಡ ಹೊಸದಾಗಿ ಕೊಂಡದ್ದಾದರೆ ನರ್ಸರಿಯಲ್ಲಿ ಔಷಧಿ ಹೊಡೆದಿರಬಹುದು, ಅದಕ್ಕೇ ತಂದ ಮೇಲೆ ಮನೆಯಲ್ಲಿ ಬಿಟ್ಟ ಎಲೆಯನ್ನೇ ಕೊಯ್ದು, ಬಾಡಿಸಿ ಪುಟ್ಟು ಸುತ್ತಲಿ.

ಪ್ರಶ್ನೆ: ಟಿಶ್ಯೂ ಕಲ್ಚರ್ ಬಾಳೆ ಸಸಿ ತಂದು ಏಪ್ರಿಲ್ ಮಳೆ ಬಿದ್ದ ಕೂಡಲೇ ನೆಟ್ಟೆವು. ವಾರದೊಳಗೆ ಎಲೆಗಳು ಬಿಳುಚಿಕೊಂಡಿವೆ. ರೋಗವಾ?
– ಓದುಗರು, ಮಡಿಕೇರಿ

ಉತ್ತರ: ನೀವು ಬರೆದದ್ದು ನೋಡಿದರೆ ಬಿಸಿಲಿಗೆ ಸುಟ್ಟದ್ದು, ಮೇಲಿನ ಕಥೆಯೇ. ಶೇಡ್ ನೆಟ್ ಅಡಿಯ ಸಸಿಗೆ ಮಳೆ ಬಿಟ್ಟ ಮೇಲಿನ ಏಪ್ರಿಲ್ ಬಿಸಿಲು ತಡೆಯಲ್ಲ. ಈಗ ಪಶ್ಚಿಮದ ಕಡೆ ಸಿಲ್ವರ್ ಓಕ್ ಸೊಪ್ಪು ಚುಚ್ಚಿ ನೆರಳು ಮಾಡಿ. ಸುಟ್ಟ ಎಲೆ ಕೀಳಬೇಡಿ, ಉಳಿದ ಹಸಿರು ಭಾಗ ಗಿಡಕ್ಕೆ ಬೇಕು. ಸುಳಿ ಹಸಿರಾಗಿದ್ದರೆ ಗಿಡ ಉಳಿಯುತ್ತೆ. ಮುಂಗಾರು ಹಿಡಿಯುವ ಮೊದಲು ಬುಡಕ್ಕೆ ಮಣ್ಣು ಏರಿಸಿ, ನೀರು ನಿಲ್ಲಬಾರದು.

ಪ್ರಶ್ನೆ: ನಮ್ಮ ಗುಡ್ಡದ ಕಲ್ಲುಬಾಳೆಯನ್ನು ಜರ್ಮನಿಯಲ್ಲಿರುವ ತಮ್ಮನಿಗೆ ಕಳಿಸಬಹುದಾ?
– ಓದುಗರು, ಭಾಗಮಂಡಲ

ಉತ್ತರ: ಕಾಡಿನಿಂದ ಗಿಡ ಕೀಳಬೇಡಿ, ದಯವಿಟ್ಟು. ಕಲ್ಲುಬಾಳೆಯೂ ಎನ್ಸೆಟೆ ಕುಲದ್ದೇ. ಅದು ಕಂದು ಹಾಕಲ್ಲ, ಬೀಜದಿಂದಲೇ ವಂಶ ಬೆಳೆಯಬೇಕು, ಒಮ್ಮೆ ಗೊನೆ ಬಿಟ್ಟರೆ ಸಾಯುತ್ತೆ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಸೂಟ್‌ಕೇಸಿನಲ್ಲಿ ಗಿಡ ಒಯ್ಯೋದೂ ತಪ್ಪು, ಗೆಡ್ಡೆಯ ಜೊತೆ ರೋಗವೂ ಹೋಗುತ್ತೆ. ತಮ್ಮ ಅಲ್ಲೇ ಬೀಜದ ಅಂಗಡಿಯಲ್ಲಿ ವಿಚಾರಿಸಲಿ. ಬೀಜದ ಸಿಪ್ಪೆ ತುಂಬಾ ಗಟ್ಟಿ, ಒಂದೆರಡು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿತ್ತಬೇಕು, ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ನಮ್ಮಲ್ಲಿ ಬೇಸಿಗೆಗೆ ಎಲೆ ಉದುರಿಸಿ ಗೆಡ್ಡೆಯಾಗಿ ಮಲಗುವ ಗಿಡ ಅದು, ಅಲ್ಲಿ ಚಳಿಗಾಲ ಪೂರ್ತಿ ಹಿಮ ತಾಗದ ಒಳಕೋಣೆಯಲ್ಲಿ ನೀರಿಲ್ಲದೆ ಮಲಗಿಸಿ, ಮೇ 15 ಕಳೆದು ರಾತ್ರಿ ಬೆಚ್ಚಗಾದ ಮೇಲೆ ಹೊರಗೆ ತರಲಿ.