ನಿಮ್ಮ ನೆರೆ ಲೇಖನದಲ್ಲಿ ಬೆಣ್ಣಿಹಳ್ಳ ಎಲ್ಲಿ?

ತಂಗಿ, ನಮಸ್ಕಾರ.

ಮಲಪ್ರಭೆಯ ನೆರೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಮೂರನೇ ಪುಟದಲ್ಲಿ ನಿಮ್ಮ ಅಜ್ಜಿಯ ಒಂದು ಮಾತಿದೆ, ಅದಕ್ಕಾಗಿಯೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಮುನಿದ ತಾಯಿ, ರುದ್ರನರ್ತನ, ಪ್ರಕೃತಿಯ ಶಾಪ ಇವೆಲ್ಲ ಯಾವ ಹೊಳೆಗೆ ಅಂಟಿಸಿದರೂ ನಡೆಯುತ್ತವೆ. ಕೃಷ್ಣೆಗೂ ಸರಿ, ವರದೆಗೂ ಸರಿ. ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಗುಡ್ಡಗಳ ನಡುವೆ ಅಣೆಕಟ್ಟಿಗೆ ಸಿಕ್ಕಿ, ನರಗುಂದ, ರೋಣ ತಾಲ್ಲೂಕುಗಳನ್ನು ಮುಟ್ಟಿಕೊಂಡು ಕೂಡಲಸಂಗಮಕ್ಕೆ ಹೋಗುವ ಹೊಳೆಯ ಗುರುತು ಅಲ್ಲಿ ಒಂದೂ ಇಲ್ಲ.

‘ಒಂದೇ ರಾತ್ರಿಯಲ್ಲಿ 37 ಟಿಎಂಸಿ ನೀರು ಬಿಟ್ಟರು’ ಎಂದು ಬರೆದಿದ್ದೀರಿ. ನವಿಲುತೀರ್ಥ ಡ್ಯಾಂನ ಜಲಾಶಯ ರೇಣುಕಾಸಾಗರ ಕಂಠಮಟ್ಟ ತುಂಬಿದರೇನೇ 37.73 ಟಿಎಂಸಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಆ ಒಂದು ಟಿಎಂಸಿ ಖಾಲಿಯಾಗಲು ಸುಮಾರು 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ನೀರು ಇಡೀ ದಿನ ಹರಿಯಬೇಕು. ನಿಮ್ಮ ಲೆಕ್ಕದಂತೆ ಹನ್ನೆರಡು ತಾಸಿನಲ್ಲಿ ಡ್ಯಾಂ ಬರಿದಾಗಬೇಕಾದರೆ 8.5 ಲಕ್ಷ ಕ್ಯೂಸೆಕ್ ಹರಿಯಬೇಕಿತ್ತು. ಸಂತ್ರಸ್ತರ ಪರ ಬರೆಯುವಾಗ ಅಂಕಿ ತಪ್ಪಿದರೆ ಪೆಟ್ಟು ಅವರಿಗೇ ಬೀಳುತ್ತದೆ. ಒಂದು ಸುಳ್ಳು ಹಿಡಿದುಕೊಂಡು ಉಳಿದ ನಿಜವನ್ನೂ ತಳ್ಳಿಹಾಕುತ್ತಾರೆ. ಆ ದಿನಗಳ ಒಳಹರಿವು, ಹೊರಹರಿವಿನ ಲೆಕ್ಕವನ್ನು ನೀರಾವರಿ ಕಚೇರಿಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಈಗ ಅಜ್ಜಿಯ ಮಾತು. ‘ಕಡ್ಲಿ ಬೀಜ ಚೀಲದಾಗ ತುಂಬಿ ಇಟ್ಟಿದ್ವಿ. ನೀರು ಹೊಳಿ ಕಡಿಂದ ಬರ್ಲಿಲ್ಲ, ಹೊಲದ ಕಡಿಂದ ಬಂತು.’ ಇದನ್ನು ನೀವು 2019ರ ನೆರೆಯ ನಡುವೆ ತುರುಕಿ ಮುಂದೆ ಹೋಗಿಬಿಟ್ಟಿದ್ದೀರಿ. ಸ್ವಲ್ಪ ನಿಲ್ಲಿ. 2019ರ ದೊಡ್ಡ ನೆರೆ ಬಂದದ್ದು ಆಗಸ್ಟ್‌ನಲ್ಲಿ. ಆಗ ಎರೆಹೊಲದಲ್ಲಿ ಹೆಸರು ಇರುತ್ತದೆ, ಕಡಲೆ ಬಿತ್ತನೆಗೆ ಇನ್ನೂ ಬಹಳ ಹೊತ್ತಿರುತ್ತದೆ. ಅಜ್ಜಿ ಹೇಳುತ್ತಿರುವುದು 2009ರ ಮಾತು ಅಂತ ನನಗನ್ನಿಸುತ್ತದೆ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ನಮ್ಮ ಬಯಲುಸೀಮೆಯ ಮೇಲೇ ಮಳೆ ಸುರಿಯಿತು. 2019ರಲ್ಲಿ ಸುರಿದದ್ದು ಘಟ್ಟದ ಕಡೆ. ಎರಡೂ ನೆರೆಗಳು ಬೇರೆ ಬೇರೆ ದಾರಿಯಲ್ಲಿ ಬಂದವು. ನೀವು ಎರಡನ್ನೂ ಒಂದೇ ಡ್ಯಾಂ ಗೇಟಿನಿಂದ ಇಳಿಸಿದ್ದೀರಿ.

ಹೊಲದ ಕಡೆಯಿಂದ ಬಂದ ನೀರು ಯಾವುದು? ನಿಮ್ಮ ಅಜ್ಜಿಯ ಊರಿನ ಪಕ್ಕದಲ್ಲೇ ಬೆಣ್ಣಿಹಳ್ಳ ಮಲಪ್ರಭೆ ಸೇರುತ್ತದೆ. ಇಡೀ ಲೇಖನದಲ್ಲಿ ಅದರ ಹೆಸರೇ ಇಲ್ಲ! ಶಿಗ್ಗಾವಿ ತಾಲ್ಲೂಕಿನ ದುಂಡಸಿ ಕಡೆ ಹುಟ್ಟುವ ಹಳ್ಳ ಅದು. ಧಾರವಾಡದ ಕಡೆಯ ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು ನವಲಗುಂದದ ಎರೆಬಯಲಲ್ಲಿ ಹರಿದು ಬರುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಮಣ್ಣು ಮೊದಲ ಮಳೆಯನ್ನೆಲ್ಲ ಕುಡಿದುಬಿಡುತ್ತದೆ. ಆಮೇಲೆ ಉಬ್ಬಿ, ಬಿರುಕು ಮುಚ್ಚಿ, ಹನಿಯನ್ನೂ ಒಳಗೆ ಬಿಡುವುದಿಲ್ಲ. ಆಗ ಬಿದ್ದ ಮಳೆಯೆಲ್ಲ ಹಳ್ಳಕ್ಕೆ. ಇಳಿಜಾರು ಕಡಿಮೆ ಇರುವುದರಿಂದ ನೀರು ದಡ ಬಿಟ್ಟು ಹೊಲಗಳ ಮೇಲೆ ಹರಡುತ್ತದೆ. ಅದೇ ಹೊತ್ತಿಗೆ ಮಲಪ್ರಭೆಯೂ ತುಂಬಿದ್ದರೆ ಹಳ್ಳದ ನೀರಿಗೆ ಮುಂದೆ ಜಾಗವಿಲ್ಲ, ಹಿಂದಕ್ಕೆ ಒತ್ತುತ್ತದೆ. ಈ ಹಳ್ಳಕ್ಕೆ ನವಿಲುತೀರ್ಥದಂಥ ಡ್ಯಾಂ ಇಲ್ಲ, ಯಾರೂ ಗೇಟು ತೆಗೆದದ್ದಲ್ಲ. ನಿಮ್ಮ ಅಜ್ಜಿ ಇಷ್ಟನ್ನೂ ಎರಡು ವಾಕ್ಯದಲ್ಲಿ ಹೇಳಿದ್ದಾರೆ ನೋಡಿ.

ಡ್ಯಾಂ ಬಗ್ಗೆ ಬರೆಯಬೇಡಿ ಅನ್ನುತ್ತಿಲ್ಲ. ಖಂಡಿತ ಬರೆಯಿರಿ. ಆದರೆ ಗೇಟು ತೆಗೆದ ರಾತ್ರಿಯ ಜೊತೆಗೆ ಗೇಟು ಮುಚ್ಚಿದ್ದ ವರ್ಷಗಳನ್ನೂ ನೋಡಿ. ಎಪ್ಪತ್ತರ ದಶಕದಿಂದ ಈಚೆಗೆ ರೇಣುಕಾಸಾಗರ ತುಂಬದ ವರ್ಷಗಳೇ ಜಾಸ್ತಿ. ಕೆಳಗೆ ಹೊಳೆ ಸಣ್ಣಗಾಯಿತು. ಪಾತ್ರದಲ್ಲಿ ಜಾಲಿಕಂಟಿ ಬೆಳೆಯಿತು, ದಡದ ಹೊಲಗಳು ಒಳಗೊಳಗೆ ಸರಿದವು. ಅಂಥ ಪಾತ್ರಕ್ಕೆ 2019ರಲ್ಲಿ ಘಟ್ಟದ ನೀರು ಬಂತು. ಕೊಣ್ಣೂರಿನ ಸೇತುವೆಯ ಬಳಿ ರಸ್ತೆಯೇ ಕೊಚ್ಚಿಹೋಗಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಬಂದ್ ಆಯಿತಲ್ಲ, ಅದನ್ನು ಈ ಕಥೆಯೊಳಗೆ ತನ್ನಿ. ನೀರಾವರಿ ಡ್ಯಾಂ ನಡೆಸುವವರ ಇಕ್ಕಟ್ಟನ್ನೂ ಹೇಳಿ. ರೈತರಿಗಾಗಿ ತುಂಬಿಸಿಡಬೇಕು, ನೆರೆ ತಡೆಯಲು ಖಾಲಿ ಇಡಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ.

ಮಹದಾಯಿ, ಕಳಸಾ–ಬಂಡೂರಿ ಪುಟ ಈ ಲೇಖನಕ್ಕೆ ಬೇಡ. ಅದು ದೊಡ್ಡ ವಿಷಯ, ಬೇರೆಯಾಗಿಯೇ ಬರೆಯಿರಿ. ನೆರೆ ಸಂತ್ರಸ್ತರಿಗೆ ಬೇರೆ ಕಡೆ ಕಟ್ಟಿಕೊಟ್ಟ ‘ಆಸರೆ’ ಮನೆಗಳ ಭಾಗ ಇರಲಿ, ಆದರೆ ಜನ ಹಳೇ ಊರು ಯಾಕೆ ಬಿಡಲಿಲ್ಲ ಅನ್ನುವುದನ್ನು ನೀವು ಊಹಿಸಬೇಡಿ, ಅವರನ್ನೇ ಕೇಳಿ.

ತಿದ್ದಿದ ಪ್ರತಿಯನ್ನು ಅಜ್ಜಿಯ ಮಾತಿನಿಂದಲೇ ಶುರು ಮಾಡಿ. ಯಾವ ವರ್ಷದ್ದು ಅಂತ ಅವರ ಹತ್ತಿರ ಕೂತು ಖಾತ್ರಿ ಮಾಡಿಕೊಳ್ಳಿ, ನನ್ನ ಊಹೆಯನ್ನು ನಂಬಿ ಬರೆಯಬೇಡಿ. ಫೋಟೊ ಬೇಕಿಲ್ಲ. ಹಳ್ಳ ಎಲ್ಲಿ ಹೊಳೆ ಸೇರುತ್ತದೆ, ಊರು ಎಲ್ಲಿದೆ, ನೀರು ಯಾವ ಹೊಲ ದಾಟಿ ಬಂತು ಅಂತ ಕೈಯಲ್ಲೇ ಒಂದು ನಕ್ಷೆ ಬರೆದು ಲೇಖನದ ಜೊತೆ ಕಳಿಸಿ.